ಬೆರಳಗಲದ ಸಂದು

ನನ್ನ ಗಂಡ ಬಡಗಿ. ಒಳ್ಳೆಯ ಬಡಗಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಬೈಯುವುದನ್ನೆಲ್ಲ ಕೇಳಿ, ಇವಳಿಗೆ ಗಂಡನ ಬೆಲೆ ಗೊತ್ತಿಲ್ಲ ಎಂದು ಯಾರೂ ಅಂದುಕೊಳ್ಳಬಾರದು. ಅಂಗುಲದ ಎಂಟನೇ ಒಂದು ಭಾಗಕ್ಕೆ ಬಡಗಿಗಳು ಒಂದು ನೂಲು ಅನ್ನುತ್ತಾರೆ. ಇವರು ಅರ್ಧ ನೂಲಿಗೂ ರಾಜಿಯಾಗುವವರಲ್ಲ. ಗೋಡೆಯ ಕ್ಯಾಲೆಂಡರ್ ಓರೆಯಾಗಿದ್ದರೆ ಊಟದ ನಡುವೆ ಎದ್ದು ಹೋಗಿ ಸರಿಮಾಡಿ ಬರುತ್ತಾರೆ. ಹಾಗಾಗಿ ನಮ್ಮ ಬೀದಿಯಲ್ಲಿ ಇವರಿಗೆ ನೂಲು ಮೇಸ್ತ್ರಿ ಎಂದೇ ಹೆಸರು. ಹದಿನೆಂಟು ವರ್ಷದ ಸಂಸಾರದಲ್ಲಿ ಇವರ ಕೈಯಲ್ಲಿ ಒಂದು ವಸ್ತು ಕೆಟ್ಟದ್ದನ್ನು ನಾನು ನೋಡಿಲ್ಲ. ನೋಡಿಲ್ಲ ಅನ್ನುವುದಕ್ಕಿಂತ, ನೋಡಲು ಬಿಟ್ಟಿಲ್ಲ ಅನ್ನಬೇಕು. ಕೆಟ್ಟದ್ದು ನಾನು ನೋಡುವ ಮೊದಲೇ ಒಲೆಗೆ ಹೋಗಿರುತ್ತದೆ.

ನಾನು ವ್ಯಾನ್ ಓಡಿಸುತ್ತೇನೆ. ಆಸ್ಪತ್ರೆಯ ನರ್ಸ್‌ಗಳನ್ನು ಮನೆಮನೆಯಿಂದ ಹತ್ತಿಸಿಕೊಂಡು ಬೆಳಗಿನ ಪಾಳಿಗೆ ಬಿಡುವುದು, ಸಂಜೆ ವಾಪಸ್ ಕರೆತರುವುದು. ಈ ರೂಟ್ ಸಿಗಬೇಕಾದರೆ ಎರಡು ವರ್ಷ ಪಟ್ಟಿಯಲ್ಲಿ ಕಾದಿದ್ದೇನೆ. ಅದಕ್ಕೂ ಮುಂಚೆ ಬೇರೆಯವರ ವ್ಯಾನಿಗೆ ಬದಲಿ ಡ್ರೈವರ್ ಆಗಿದ್ದೆ. ಅವರ ಡ್ರೈವರ್ ಕುಡಿದು ಮಲಗಿದ ದಿನ ನನ್ನ ನೆನಪಾಗುತ್ತಿತ್ತು, ಉಳಿದ ದಿನ ನಾನು ಯಾರೋ. ಈಗ ಬೆಳಿಗ್ಗೆ ಎದ್ದರೆ ಹನ್ನೊಂದು ಜನ ನನ್ನ ದಾರಿ ನೋಡುತ್ತಾ ನಿಂತಿರುತ್ತಾರೆ. ಅದರ ಸುಖ ಕಾದವರಿಗೇ ಗೊತ್ತು.

ಬುಧವಾರ ಸಂಜೆ ಏರಿನಲ್ಲಿ ಕ್ಲಚ್ ಕೈಕೊಟ್ಟಿತು. ಎಂಜಿನ್ ಅರಚುತ್ತದೆ, ವ್ಯಾನ್ ಮುಂದೆ ಹೋಗುವುದಿಲ್ಲ. ಎಂಟು ತಾಸು ನಿಂತು ಕೆಲಸ ಮಾಡಿ ಬಂದ ಹೆಣ್ಣುಮಕ್ಕಳು ಇಳಿದು ತಳ್ಳಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆಸ್ಪತ್ರೆಯಲ್ಲಿ ವಾಹನಗಳನ್ನು ನೋಡಿಕೊಳ್ಳುವ ಸಾಹೇಬರಿಗೆ ಫೋನ್ ಮಾಡಿದೆ. ಅವರು ಕೆಟ್ಟವರಲ್ಲ, ಆದರೆ ನಿಯಮ ನಿಯಮವೇ. ಮೂರು ದಿನ ಹೇಗಾದರೂ ಸಂಭಾಳಿಸುತ್ತೇನೆ, ಭಾನುವಾರ ಹೇಗೂ ಆಸ್ಪತ್ರೆಯದೇ ಬಸ್ಸು ಬರುತ್ತದೆ, ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ನಿಮ್ಮ ವ್ಯಾನ್ ಗೇಟಿನ ಮುಂದೆ ಕಾಣದಿದ್ದರೆ ರೂಟ್ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ ಎಂದರು. ಎರಡು ಗ್ಯಾರೇಜಿಗೆ ಹೋಗಿ ಕೇಳಿದೆ. ಒಂದು ಕಡೆ ಎಂಟು ದಿನ ಬಿಟ್ಟು ಬನ್ನಿ ಎಂದರು, ಇನ್ನೊಂದು ಕಡೆ ಹತ್ತು.

ಮನೆಗೆ ಬಂದು ತಲೆಮೇಲೆ ಕೈಹೊತ್ತು ಕೂತಿದ್ದಾಗ ಇವರು ಅಂದರು, ಗ್ಯಾರೇಜ್ ಯಾಕೆ, ಮನುಷ್ಯ ಜೋಡಿಸಿದ್ದನ್ನು ಮನುಷ್ಯ ಬಿಚ್ಚಲಾರನೇ, ನಾನೇ ಮಾಡುತ್ತೇನೆ ಎಂದು. ಫೋನಿನಲ್ಲಿ ಒಂದು ವೀಡಿಯೊ ಬೇರೆ ತೋರಿಸಿದರು. ಬಿಳಿ ಕೈಗವಸು ಹಾಕಿಕೊಂಡ ಒಬ್ಬ ಮಹಾಶಯ ಹನ್ನೆರಡು ನಿಮಿಷದಲ್ಲಿ ಗೇರ್‌ಬಾಕ್ಸ್ ಇಳಿಸಿ, ಅದರಾಚೆಯ ಕ್ಲಚ್ ಬದಲಿಸಿ, ಮತ್ತೆ ಏರಿಸಿಬಿಟ್ಟ. ಅವನ ಕೈಗವಸಿಗೆ ಒಂದು ಕಲೆಯೂ ಆಗಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮ ಮನೆಯಿಂದ ನಾಲ್ಕನೆಯ ಮನೆ, ಬೀದಿಯವರೆಲ್ಲ ಡಿಪೋ ಮಾವ ಎಂದು ಕರೆಯುವವರದು. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಬರೀ ಗೇರ್‌ಬಾಕ್ಸ್ ಬಿಚ್ಚಿ ನಿವೃತ್ತರಾದವರು. ಬೆನ್ನು ಬಗ್ಗುವುದಿಲ್ಲ, ಬಾಯಿ ಮಾತ್ರ ಚೆನ್ನಾಗಿ ಓಡುತ್ತದೆ. ಅವರನ್ನೊಂದು ಮಾತು ಕೇಳೋಣ ಎಂದೆ. ಇವರ ಮುಖ ಸುಟ್ಟ ಬದನೆಕಾಯಿ ಆಯಿತು. ಮೂರು ವರ್ಷದ ಹಿಂದೆ ಇವರು ಮಾವನ ಮನೆಗೆ ಮುಂಬಾಗಿಲು ಮಾಡಿಕೊಟ್ಟಿದ್ದರು. ಮಳೆಗೆ ಮರ ಉಬ್ಬಿ ಅದು ಕಚ್ಚಿಕೊಂಡಿತು. ಮಾವ ಬೀದಿಯಲ್ಲಿ ನಾಲ್ಕು ಜನರ ಮುಂದೆ, "ಮೇಸ್ತ್ರಿ, ಬಾಗಿಲೇನೋ ಚೆನ್ನಾಗಿದೆ. ಮನೆ ಒಳಗೆ ಹೋಗೋಕೆ ಒಂದು ಕಿಟಕಿ ಯಾವಾಗ ಮಾಡಿಕೊಡ್ತೀಯ?" ಅಂದುಬಿಟ್ಟರು. ಅಂದಿನಿಂದ ಮಾತಿಲ್ಲ ಕತೆಯಿಲ್ಲ. ಇವರ ಪ್ರಕಾರ ಕೆಟ್ಟದ್ದು ಬಾಗಿಲಲ್ಲ, ಮರ. ಮರ ತಂದದ್ದು ಮಾವ.

ಸರಿ, ಗುರುವಾರ ಶುರುವಾಯಿತು. ಮನೆ ಪಕ್ಕದ ಶೆಡ್ಡೇ ಇವರ ಕೆಲಸದ ಜಾಗ. ಅಲ್ಲಿ ಸಿಮೆಂಟ್ ನೆಲವಿದೆ. ಹಲಗೆಗಳನ್ನೆಲ್ಲ ಒಂದು ಗೋಡೆಗೆ ಒರಗಿಸಿ ವ್ಯಾನನ್ನು ಒಳಗೆ ತಳ್ಳಿದೆವು. ವ್ಯಾನನ್ನು ಅದರದೇ ಜಾಕಿನಿಂದ ಎತ್ತಿ, ಕೆಳಗೆ ಹಳೆಯ ತೊಲೆಯ ತುಂಡುಗಳನ್ನು ಒಂದರ ಮೇಲೊಂದು ಅಡ್ಡಡ್ಡ ಪೇರಿಸಿ ನಿಲ್ಲಿಸಿದರು. ಆ ಕೆಲಸದಲ್ಲಿ ನಾನು ಹುಳುಕು ಹುಡುಕುವುದಿಲ್ಲ. ಆನೆ ಬಂದು ಗುದ್ದಿದರೂ ಅಲುಗುತ್ತಿರಲಿಲ್ಲ. ಆಮೇಲೆ ಗುಜರಿಯಿಂದ ತಂದ ಟ್ರಾಲಿ ಜಾಕ್ ಬಂತು. ನಾಲ್ಕು ಪುಟ್ಟ ಚಕ್ರ, ಉದ್ದನೆಯ ಹಿಡಿ, ನೆಲದ ಮೇಲೆ ಉರುಳಿಸಿಕೊಂಡು ವ್ಯಾನಿನಡಿ ತಳ್ಳಬಹುದು. ಹಿಡಿಯನ್ನು ಒತ್ತಿದರೆ ಮೇಲೇಳುತ್ತದೆ, ತಿರುಗಿಸಿದರೆ ಇಳಿಯುತ್ತದೆ. ಇವರು ಕೆಳಗೆ ಮಲಗಿ ಹೇಳುವುದು, ನಾನು ಹಿಡಿ ಹಿಡಿಯುವುದು ಎಂದು ಕೆಲಸ ಹಂಚಿಕೆಯಾಯಿತು.

ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಎಳೆಯುವ ಮುಂಚೆ ಗೇರ್‌ಬಾಕ್ಸಿನ ಎಣ್ಣೆ ಇಳಿಸಬೇಕಂತೆ. ವೀಡಿಯೊದವನು ಅದನ್ನು ಹೇಳಿರಲಿಲ್ಲ, ಅಥವಾ ಇವರು ಆಗ ಕಣ್ಣು ಮುಚ್ಚಿದ್ದರು. ಶಾಫ್ಟ್ ಹೊರಗೆ ಬಂದದ್ದೇ ತಡ, ಎರಡು ಲೀಟರ್ ಕರಿ ಎಣ್ಣೆ ಎದೆಯ ಮೇಲೆ ಸುರಿಯಿತು. ಶೆಡ್ಡಿನ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದ ನಮ್ಮ ಅತ್ತೆ, ಹುಟ್ಟಿದಾಗ ಕೂಡ ಇಷ್ಟು ಎಣ್ಣೆ ಹಚ್ಚಿರಲಿಲ್ಲ ನಿನಗೆ ಎಂದರು.

ಬೋಲ್ಟುಗಳು ಬಿಚ್ಚಿದವು. ಗೇರ್‌ಬಾಕ್ಸ್ ಹೆಚ್ಚು ಕಮ್ಮಿ ಹತ್ತು ವರ್ಷದ ಮಗುವಿನಷ್ಟು ಭಾರ. ಅದರ ಹೊಟ್ಟೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಜಾಕಿನ ತಟ್ಟೆಯೋ ಟೀ ಸಾಸರ್‌ನಷ್ಟು. ಅದರ ಮೇಲೆ ಇದು ಕೂರಬೇಕು. ಕೂರಲಿಲ್ಲ. ನಾನು ಹಿಡಿಯನ್ನು ಸ್ವಲ್ಪ ಜಾಸ್ತಿ ತಿರುಗಿಸಿದೆ, ಅದು ನನ್ನದೇ ತಪ್ಪು, ಒಪ್ಪುತ್ತೇನೆ. ಜಾಕ್ ದಡಕ್ಕನೆ ಇಳಿಯಿತು, ಗೇರ್‌ಬಾಕ್ಸ್ ಮಗ್ಗುಲಾಗಿ ಇವರ ಮೊಣಕೈ ಪಕ್ಕದಲ್ಲಿ ಹಾಸಿದ್ದ ಹಳೆಯ ಹಾಸಿಗೆಯ ಮೇಲೆ ಬಿತ್ತು. ನಾಲ್ಕು ಬೆರಳು ಈಚೆ ಬಿದ್ದಿದ್ದರೆ ಬಡಗಿಯ ಕೈ ಅಲ್ಲಿಗೆ ಮುಗಿಯುತ್ತಿತ್ತು. ಇವರು ಎದ್ದು ಕೂತು, ಹೊಗೆಯಾಡುವ ಕಣ್ಣಿನಿಂದ ನನ್ನನ್ನು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

ಶುಕ್ರವಾರವಿಡೀ ಇವರು ಗೇರ್‌ಬಾಕ್ಸಿಗೆ ಮರದ ತೊಟ್ಟಿಲು ಮಾಡಿದರು. ಜಾಕಿನ ತಟ್ಟೆಗೆ ಬೋಲ್ಟ್ ಮಾಡಿ ಕೂರಿಸುವ ಒಂದು ಮರದ ಆಸನ. ಗೇರ್‌ಬಾಕ್ಸಿನ ಹೊಟ್ಟೆಯ ಅಚ್ಚು ತೆಗೆದು, ಉಳಿಯಿಂದ ಕೊರೆದು, ಮತ್ತೆ ಇಟ್ಟು ನೋಡಿ, ಮತ್ತೆ ಕೊರೆದು. ಒಂದು ಪಟ್ಟಿ ಕಟ್ಟಿದರೆ ಗೇರ್‌ಬಾಕ್ಸ್ ಅಲ್ಲಾಡದೆ ಕೂರುತ್ತಿತ್ತು. ನಿಜವಾಗಿ ಸೊಗಸಾಗಿತ್ತು. ಮಧ್ಯಾಹ್ನಕ್ಕೆ ಮುಗಿದೂ ಇತ್ತು. ಆದರೆ ನಾನು ಹೋಗಿ ನೋಡಿದರೆ ಇವರು ಕೂತು ಅದಕ್ಕೆ ಮರಳುಕಾಗದ ಉಜ್ಜುತ್ತಿದ್ದಾರೆ. ವ್ಯಾನಿನ ಅಡಿಯಲ್ಲಿ ಕತ್ತಲಲ್ಲಿ ಇರುವ ವಸ್ತುವನ್ನು ಯಾರು ಸವರಿ ನೋಡುತ್ತಾರೆ ಎಂದು ಕೇಳಿದೆ. ಅಂಚು ಒರಟಾಗಿದ್ದರೆ ನನ್ನ ಮನಸ್ಸಿಗೆ ಸರಿಯಾಗಲ್ಲ ಎಂದರು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಸೋಮವಾರ ಎಂದು ಒಂದು ದಿನವಿದೆ ಎಂಬುದು ಈ ಮನುಷ್ಯನ ಪಂಚಾಂಗದಲ್ಲಿ ಇತ್ತೋ ಇಲ್ಲವೋ.

ಶನಿವಾರ ಬೆಳಿಗ್ಗೆ ನಾನು ಹೋಗಿ ಹೊಸ ಕ್ಲಚ್ ಪ್ಲೇಟ್ ತಂದೆ. ಈ ಪ್ಲೇಟ್ ಎಂಜಿನ್ನಿಗೆ ಸರಿಯಾಗಿ ನಟ್ಟನಡುವೆ ಕೂರಬೇಕು. ಗೇರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿದ ಶಾಫ್ಟ್ ಈ ಪ್ಲೇಟಿನ ತೂತಿನೊಳಗಿಂದ ಹೋಗಿ, ಅದರ ಮೂಗು ಎಂಜಿನ್ನಿನ ನಡುವೆ ಇರುವ ಒಂದು ಚಿಕ್ಕ ತೂತಿನಲ್ಲಿ ಕೂರುತ್ತದೆ. ಪ್ಲೇಟ್ ಕೂರಿಸುವಾಗ ನಡು ತಪ್ಪದಿರಲಿ ಎಂದು ಶಾಫ್ಟಿನ ಆಕಾರದ್ದೇ ಒಂದು ಪ್ಲಾಸ್ಟಿಕ್ ಪಿನ್ ಸಿಗುತ್ತದೆ. ಅಂಗಡಿಯಲ್ಲಿ ಅದು ಮುಗಿದಿತ್ತು, ಸೋಮವಾರ ಬನ್ನಿ ಎಂದರು. ಇವರು ನಕ್ಕರು. ಪಿನ್ ತಾನೇ ಎಂದು ಒಂದು ಗಟ್ಟಿ ಮರದ ತುಂಡನ್ನು ಲೇತಿಗೆ ಕೊಟ್ಟು ಹತ್ತೇ ನಿಮಿಷದಲ್ಲಿ ಕಡೆದು ಕೈಗಿಟ್ಟರು. ಚದುರಂಗದ ಕಾಯಿಯ ಹಾಗಿತ್ತು. ಅರ್ಧ ನೂಲು ಕೂಡ ಸಡಿಲವಿಲ್ಲ ನೋಡು ಎಂದು ಎಂಜಿನ್ನಿನ ತೂತಿಗೆ ಒತ್ತಿ ತೋರಿಸಿದರು. ಅದು ಬಿಗಿಯಾಗಿ ಕೂತಿತು. ಲೋಹಕ್ಕೆ ಒಂಚೂರು ಸಡಿಲ ಬೇಕು ಎಂದು ಮರ ಕೂಡಿಸುವವನಿಗೆ ಯಾರು ಹೇಳಬೇಕು? ಅಷ್ಟರಲ್ಲಿ ನನ್ನ ವ್ಯಾನಿನ ನರ್ಸ್‌ಗಳ ಪೈಕಿ ಹಿರಿಯ ಸಿಸ್ಟರ್ ಅವರ ಫೋನ್ ಬಂತು, ಸೋಮವಾರ ಬರ್ತೀರಲ್ವಾ ಎಂದು. ನಾನು ಹೊರಗೆ ಹೋಗಿ ಮಾತಾಡಿ ಬರುವಷ್ಟರಲ್ಲಿ ಇವರು ಪ್ಲೇಟ್ ಬಿಗಿದು, ಪಿನ್ ಕಿತ್ತು ಮುಗಿಸಿದ್ದರು.

ಇನ್ನೇನು, ಏರಿಸುವುದೊಂದೇ ಬಾಕಿ. ಮಧ್ಯಾಹ್ನದ ಹೊತ್ತಿಗೆ ವ್ಯಾನ್ ರಸ್ತೆಯಲ್ಲಿರುತ್ತದೆ ಎಂದುಕೊಂಡೆ.

ಗೇರ್‌ಬಾಕ್ಸ್ ತೊಟ್ಟಿಲಲ್ಲಿ ಕೂತು ಮೇಲಕ್ಕೆ ಹೋಯಿತು. ಶಾಫ್ಟ್ ಪ್ಲೇಟಿನೊಳಗೆ ನುಗ್ಗಿತು. ಮುಂದೆ ಮುಂದೆ ಹೋಗಿ, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇನ್ನು ಒಂದು ಬೆರಳಗಲದ ಸಂದು ಇರುವಾಗ ನಿಂತುಬಿಟ್ಟಿತು. ನೀನು ಜಾಸ್ತಿ ಎತ್ತಿದೆ ಎಂದರು. ಇಳಿಸಿದೆ. ಮತ್ತೆ ಅದೇ ಬೆರಳಗಲ. ನೀನು ಕಮ್ಮಿ ಎತ್ತಿದೆ ಎಂದರು. ಎತ್ತಿದೆ. ಅದೇ. ನೀನು ಅಲ್ಲಾಡಿಸಿದೆ ಎಂದರು. ನಾನು ಉಸಿರು ಬಿಗಿಹಿಡಿದು ಕಂಬದ ಹಾಗೆ ನಿಂತೆ. ಅದೇ. ಜಾಕ್ ಸರಿಯಿಲ್ಲ, ನೆಲ ಸಮವಿಲ್ಲ, ಕುಣಿಯಲಾರದವಳಿಗೆ ನೆಲ ಡೊಂಕು ಎಂದ ಹಾಗೆ ಒಂದಾದ ಮೇಲೊಂದು. ಕೊನೆಗೆ ತಿರುಗಿ ತಿರುಗಿ ಎಲ್ಲ ಬಂದು ನಿಲ್ಲುತ್ತಿದ್ದದ್ದು ನನ್ನ ಕೈಯ ಮೇಲೇ. ಸಂಜೆಯೊಳಗೆ ಹನ್ನೊಂದು ಸಲ ಏರಿಸಿ ಇಳಿಸಿದೆವು. ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಹತ್ತನೆಯ ಸಲಕ್ಕೆ ನಾನೇ ನಂಬತೊಡಗಿದ್ದೆ, ಹೌದು, ನನಗೆ ಜಾಕ್ ಹಿಡಿಯಲು ಬರುವುದಿಲ್ಲ, ನನ್ನ ರೂಟನ್ನು ನನ್ನ ಕೈಯಿಂದಲೇ ಕಳೆಯುತ್ತಿದ್ದೇನೆ ಎಂದು. ಅತ್ತೆ ಕೂಡ, ಸ್ವಲ್ಪ ನಿಧಾನ ಮಾಡಮ್ಮ ಎಂದು ಬುದ್ಧಿ ಹೇಳಿದರು. ಅಡುಗೆಮನೆಗೆ ಹೋಗಿ ಅತ್ತೆ ಎಂದೆ.

ಭಾನುವಾರ ಬೆಳಿಗ್ಗೆ ಶೆಡ್ಡಿಗೆ ಬಂದರೆ ಇವರು ಎರಡು ಉದ್ದನೆಯ ಬೋಲ್ಟ್ ಹಾಕಿ ಗೇರ್‌ಬಾಕ್ಸನ್ನು ಎಂಜಿನ್ ಕಡೆಗೆ ಬಲವಂತವಾಗಿ ಎಳೆಯುತ್ತಿದ್ದಾರೆ. ಕಿರ್ ಎಂದು ಲೋಹ ನರಳಿತು. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ನಾನು ಬಗ್ಗಿ ಅವರ ಕೈಯಿಂದ ಸ್ಪ್ಯಾನರ್ ಕಿತ್ತುಕೊಂಡೆ. ಅದು ಒಡೆದರೆ ಸೋಮವಾರವೇನು, ಮುಂದಿನ ತಿಂಗಳೂ ವ್ಯಾನ್ ಏಳುವುದಿಲ್ಲ ಎಂದೆ. ಡಿಪೋ ಮಾವನನ್ನು ಕರೆಯುತ್ತೇನೆ ಎಂದೆ. ಅವನು ಈ ಶೆಡ್ಡಿಗೆ ಕಾಲಿಟ್ಟರೆ ನಾನು ಹೊರಗೆ ಹೋಗುತ್ತೇನೆ ಎಂದರು.

"ಹೋಗಿ," ಅಂದೆ.

ಮಾವ ಕೋಲೂರಿಕೊಂಡು ಬಂದರು. ಇವರು ಹೊರಗೆ ಹೋಗಲಿಲ್ಲ, ಗೋಡೆ ಕಡೆ ತಿರುಗಿ ಹಲಗೆ ಎಣಿಸುವವರ ಹಾಗೆ ನಿಂತರು. ಮಾವ ಮೊದಲು ಮರದ ತೊಟ್ಟಿಲನ್ನು ನೋಡಿದರು, ಕೋಲಿನಿಂದ ಮೆಲ್ಲಗೆ ತಟ್ಟಿದರು, ಮೂವತ್ತು ವರ್ಷದಲ್ಲಿ ಡಿಪೋದವರು ನಮಗೆ ಇಂಥದ್ದೊಂದು ಮಾಡಿಕೊಟ್ಟಿರಲಿಲ್ಲ ಎಂದರು. ಆಮೇಲೆ ನನಗೆ, ಕೆಳಗೆ ಹೋಗಿ ಆ ಸಂದಿನಲ್ಲಿ ಬೆರಳಿಟ್ಟು ನೋಡು, ಮೇಲೆ ಎಷ್ಟಿದೆ, ಕೆಳಗೆ ಎಷ್ಟಿದೆ, ಎರಡು ಮಗ್ಗುಲಿಗೆ ಎಷ್ಟಿದೆ ಎಂದರು. ನಾನು ಮಲಗಿಕೊಂಡು ತೆವಳಿ ನೋಡಿದೆ. ಸುತ್ತಲೂ ಒಂದೇ ಸಮ.

"ಜಾಕ್ ಹಿಡಿದಿದ್ದು ತಪ್ಪಿದ್ರೆ ಗೇರ್‌ಬಾಕ್ಸ್ ಓರೆ ಆಗ್ತಿತ್ತು, ಸಂದು ಒಂದು ಕಡೆ ಜಾಸ್ತಿ ಇರ್ತಿತ್ತು," ಮಾವ ಹೇಳಿದರು. "ಸುತ್ತ ಸಮ ಇದೆ. ನಿಂದೇನೂ ತಪ್ಪಿಲ್ಲಮ್ಮ. ಶಾಫ್ಟಿನ ಮೂಗಿಗೆ ಒಳಗಡೆ ಏನೋ ಅಡ್ಡ ಸಿಕ್ಕಿದೆ. ಪ್ಲೇಟ್ ಕೂರಿಸೋಕೆ ಏನು ಹಾಕಿದ್ರಿ?"

ಮರದ ಪಿನ್ ಎಂದೆ. ಅದನ್ನು ತೋರಿಸಿ ಎಂದರು. ಎಲ್ಲಿದೆ ಎಂದು ನಾನು ಇವರನ್ನು ಕೇಳಿದೆ. ಇವರು ತಿರುಗಲಿಲ್ಲ. ಎರಡನೆಯ ಸಲ ಕೇಳಿದ ಮೇಲೆ ಅಂಗಿಯ ಜೇಬಿಗೆ ಕೈಹಾಕಿ ಪಿನ್ನನ್ನು ತೆಗೆದು ನನ್ನ ಅಂಗೈ ಮೇಲೆ ಇಟ್ಟರು. ಅದರ ಮೂಗು ಇರಲಿಲ್ಲ. ಮುರಿದ ಜಾಗ ಬೆಳ್ಳಗೆ, ಹಸಿಯಾಗಿ ಕಾಣುತ್ತಿತ್ತು. ಉಳಿದ ಬೆರಳಗಲದ ತುಂಡು ಎಂಜಿನ್ನಿನ ತೂತಿನೊಳಗೆ ಬಿರಡೆಯ ಹಾಗೆ ಕೂತಿತ್ತು.

ಮಾವ ಪಿನ್ನನ್ನು ನೋಡಿದರು, ಇವರ ಬೆನ್ನನ್ನು ನೋಡಿದರು. ಈ ಮನುಷ್ಯನ ಬಾಯಿಯನ್ನು ಬಲ್ಲ ನಾನು, ಈಗ ಬಂತು ಎಂದುಕೊಂಡೆ. ಅವರು ಮಾತ್ರ ಬೆನ್ನು ನೋಯುತ್ತದಮ್ಮ, ಬರುತ್ತೇನೆ ಎಂದು ಕೋಲು ತಿರುಗಿಸಿಕೊಂಡು ಹೊರಟುಹೋದರು. ಆ ಮುದುಕನಿಗೆ ಆ ಹೊತ್ತಿನಲ್ಲಿ ಇದ್ದ ಮರ್ಯಾದೆ ನಮ್ಮ ಮನೆಯಲ್ಲಿ ಇರಲಿಲ್ಲ.

"ಯಾವಾಗ ಮುರೀತು?" ಕೇಳಿದೆ.

"ನಿನ್ನೆ. ನೀನು ಫೋನಲ್ಲಿದ್ದಾಗ."

"ಮೊದಲನೇ ಸಲ ಏರಿಸೋಕೆ ಮುಂಚೇನೇ ಗೊತ್ತಿತ್ತು."

"ಶಾಫ್ಟು ತಳ್ಳಿಕೊಂಡು ಒಳಗೆ ಹೋಗುತ್ತೆ ಅಂದ್ಕೊಂಡೆ."

"ಹನ್ನೊಂದು ಸಲ ಏರಿಸಿದ್ವಿ. ಹನ್ನೊಂದು ಸಲಾನೂ ನನ್ನ ಕೈ ಸರಿಯಿಲ್ಲ ಅಂದ್ರಿ."

ಜಟ್ಟಿ ಬಿದ್ದರೂ ಮೀಸೆಗೆ ಮಣ್ಣಾಗಬಾರದು ಎನ್ನುವ ಜಾತಿಯೇ ಇದು ಎಂದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನನಗೆ ಒಂದು ವಿಷಯ ಬಾಯಿಬಿಟ್ಟು ಕೇಳಲೇಬೇಕಿತ್ತು.

"ನನ್ನ ರೂಟು ಹೋದ್ರೂ ಹೋಗ್ಲಿ, ನೀವು ಮಾಡಿದ್ದು ಮುರೀತು ಅಂತ ನನಗೆ ಗೊತ್ತಾಗ್ಬಾರ್ದು. ಅಷ್ಟೇ ತಾನೇ?"

ಇಲ್ಲ ಎನ್ನಬಹುದಿತ್ತು. ಅದೆಲ್ಲ ಏನು ಮಾತು ಎಂದು ರೇಗಬಹುದಿತ್ತು. ಹದಿನೆಂಟು ವರ್ಷ ಹೀಗೇ ಏನೋ ಒಂದು ಹೇಳಿ ದಾಟಿಸಿದ್ದೇವೆ. ಇವರು ನನ್ನ ಅಂಗೈ ಮೇಲಿನ ಪಿನ್ನನ್ನೇ ನೋಡುತ್ತಾ, "ಹೂಂ," ಅಂದರು.

ಜಗಳವಾಡಲು ನನ್ನ ಹತ್ತಿರ ಹೊತ್ತಿರಲಿಲ್ಲ. ಗೇರ್‌ಬಾಕ್ಸನ್ನು ಇಳಿಸಿ ಈಚೆಗೆ ಎಳೆಸಿದೆ. ನೀವು ಈಚೆ ಬನ್ನಿ, ನಾನು ಕೆಳಗೆ ಹೋಗುತ್ತೇನೆ ಎಂದೆ. ಮರದೊಳಗೆ ಮುರಿದು ಉಳಿದ ಗೂಟವನ್ನು ಇವರು ಹೇಗೆ ಹೊರತೆಗೆಯುತ್ತಾರೆ ಎಂದು ನಾನು ಎಷ್ಟೋ ಸಲ ನೋಡಿದ್ದೇನೆ. ಅದರ ನಡುವಿಗೆ ಒಂದು ತಿರುಪು ಮೊಳೆ ತಿರುಗಿಸಿ, ಮೊಳೆಯ ತಲೆಯನ್ನು ಇಕ್ಕಳದಲ್ಲಿ ಹಿಡಿದು ಎಳೆಯುತ್ತಾರೆ. ಉದ್ದನೆಯ ಮೊಳೆಯೊಂದನ್ನು ಗ್ರೀಸಿನಿಂದ ಸ್ಕ್ರೂಡ್ರೈವರಿನ ತುದಿಗೆ ಅಂಟಿಸಿಕೊಂಡು, ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು ಮಲಗಿದೆ. ಪ್ಲೇಟಿನ ತೂತಿನ ಆಚೆ, ಒಳಗೆ ಆಳದಲ್ಲಿ ಮರ ಬೆಳ್ಳಗೆ ಕಂಡಿತು. ಮೊಳೆ ಎರಡು ಸಲ ಜಾರಿ ನನ್ನ ಮುಖದ ಮೇಲೆ ಬಿತ್ತು. ಮೂರನೆಯ ಸಲ ಕಚ್ಚಿತು. ಇಕ್ಕಳ ಹಿಡಿದು ಎಳೆದಾಗ ಸೀಸೆಯ ಬಿರಡೆ ಕಿತ್ತ ಹಾಗೆ ಪೊಟ್ ಎಂದು ಬಂತು.

ಈ ಸಲ ಜಾಕ್ ಇವರ ಕೈಯಲ್ಲಿ, ಕೆಳಗೆ ನಾನು. ಎತ್ತಿ ಎಂದೆ, ಎತ್ತಿದರು. ಸಾಕು ಎಂದೆ, ನಿಲ್ಲಿಸಿದರು. ತಳ್ಳಿದೆ. ಬೆರಳಗಲದ ಸಂದು ತಾನಾಗಿಯೇ ಮುಚ್ಚಿಕೊಂಡು ಟಕ್ಕೆಂದಿತು. ಅಷ್ಟು ಸುಲಭವಾಗಿ ಹೋಗಿದ್ದು ನೋಡಿ ನನಗೆ ಖುಷಿಯಾಗಬೇಕಿತ್ತು. ಹೊಟ್ಟೆ ಉರಿಯಿತು. ಶನಿವಾರ ಮಧ್ಯಾಹ್ನವೇ ಹೀಗೆ ಹೋಗುತ್ತಿತ್ತಲ್ಲ, ಒಂದು ಮಾತು ಹೇಳಿದ್ದರೆ! ಸಂಜೆ ಐದಕ್ಕೆ ಎಣ್ಣೆ ಹಾಕಿ, ವ್ಯಾನನ್ನು ತೊಲೆಗಳಿಂದ ಇಳಿಸಿ, ಬುಧವಾರ ಕೈಕೊಟ್ಟ ಅದೇ ಏರಿಗೆ ಕೊಂಡೊಯ್ದು ನೋಡಿದೆ. ಬೆಣ್ಣೆಯ ಹಾಗೆ ಏರಿತು. ಇವರು ಪಕ್ಕದ ಸೀಟಿನಲ್ಲಿ ಕೂತಿದ್ದರು.

ಸೋಮವಾರ ಐದೂನಲವತ್ತಕ್ಕೆ ನಾನು ಗೇಟಿನ ಮುಂದಿದ್ದೆ. ಪಟ್ಟಿಯಲ್ಲಿ ನನ್ನ ಹಿಂದಿದ್ದವನು ತನ್ನ ವ್ಯಾನ್ ತೊಳೆದು ತಂದು ಆಗಲೇ ನಿಂತಿದ್ದ. ಸಾಹೇಬರು ಗಡಿಯಾರ ನೋಡಿ, ನನ್ನ ಹೆಸರಿನ ಮುಂದೆ ಗುರುತು ಹಾಕಿ, ಅವನನ್ನು ವಾಪಸ್ ಕಳಿಸಿದರು. ಅವನ ಮುಖ ನೋಡಲು ನನಗೆ ಕಷ್ಟವಾಯಿತು. ಅಲ್ಲಿಂದ ಹೊರಟು ಒಬ್ಬೊಬ್ಬರನ್ನೇ ಹತ್ತಿಸಿಕೊಂಡೆ.

ಈ ವ್ಯಾನಿನಲ್ಲಿ ಕಾಲಿಡುವ ಹಲಗೆ, ಚೀಲ ಇಡುವ ಗೂಡು, ನನ್ನ ಸೀಟಿನ ಬೆನ್ನ ಹಿಂದಿನ ಪಟ್ಟಿ, ಎಲ್ಲ ಇವರೇ ಮಾಡಿದ್ದು. ಎಷ್ಟು ಚೆನ್ನಾಗಿದೆ, ಯಾರು ಮಾಡಿದ್ದು ಎಂದು ಹೊಸಬರು ಕೇಳದೆ ಇದ್ದ ದಿನವಿಲ್ಲ. ನಮ್ಮನೆಯವರು ಎಂದು ನಾನು ಹೇಳದೆ ಇದ್ದ ದಿನವೂ ಇಲ್ಲ. ಕೇಳದಿದ್ದವರಿಗೂ ಹೇಳಿದ್ದೇನೆ.

ಕೊನೆಯ ನಿಲ್ದಾಣದಲ್ಲಿ ಹಿರಿಯ ಸಿಸ್ಟರ್ ಹತ್ತಿದರು. ಬುಧವಾರ ಏರಿನಲ್ಲಿ ಇಳಿದು ತಳ್ಳಿದವರಲ್ಲಿ ಅವರೂ ಒಬ್ಬರು. ವ್ಯಾನ್ ಹೊರಟ ರೀತಿ ನೋಡಿ, ಹೊಸದರ ಹಾಗೆ ಓಡುತ್ತಿದೆಯಲ್ಲ, ಯಾರು ರಿಪೇರಿ ಮಾಡಿದ್ದು, ನಿಮ್ಮನೆಯವರೇ ಇರಬೇಕು ಎಂದು ನಗುತ್ತಾ ಕೇಳಿದರು. ಹೌದು, ನಮ್ಮನೆಯವರು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಗೇರ್ ಬದಲಾಯಿಸಿದೆ.

"ಯಾರೋ ಮಾಡಿದ್ರು ಸಿಸ್ಟರ್," ಅಂದೆ. "ಕೂತ್ಕೊಳ್ಳಿ, ಹೊತ್ತಾಯ್ತು."